ನಿಮಗಿದು ಗೊತ್ತೇ? ಗೊತ್ತಿದ್ದೂ ಉಕ್ಕುವ ನಗು

ಜರ್ಮನಿಯ ಟಿವಿಯಲ್ಲಿ 1972ರಿಂದ ಪ್ರತಿ ಡಿಸೆಂಬರ್ 31ಕ್ಕೂ ತಪ್ಪದೆ ಬರುವ ಪ್ರಹಸನವೊಂದಿದೆ: ‘ಡಿನ್ನರ್ ಫಾರ್ ಒನ್’. 1963ರಲ್ಲಿ ಚಿತ್ರೀಕರಿಸಿದ್ದು, ಕಪ್ಪು-ಬಿಳುಪು, 18 ನಿಮಿಷ. ನಟರಿಬ್ಬರೂ ಬ್ರಿಟಿಷರು, ಮಾತೆಲ್ಲ ಇಂಗ್ಲಿಷ್, ಡಬ್ಬಿಂಗ್ ಇಲ್ಲ. ಆದರೂ ಅಲ್ಲಿ ಅದಿಲ್ಲದೆ ಹೊಸ ವರ್ಷ ಬಂದ ಹಾಗೇ ಅಲ್ಲ!

ಕಥೆ ಇಷ್ಟೇ. ಮಿಸ್ ಸೋಫಿಗೆ 90ನೇ ಹುಟ್ಟುಹಬ್ಬ. ಊಟಕ್ಕೆ ಬರಬೇಕಾದ ನಾಲ್ವರು ಗೆಳೆಯರೂ ಎಂದೋ ತೀರಿಹೋಗಿದ್ದಾರೆ. ಅವರ ಪಾಲಿನ ಮದ್ಯವನ್ನೆಲ್ಲ ಬಟ್ಲರ್ ಜೇಮ್ಸ್ ಒಬ್ಬನೇ ಕುಡಿಯಬೇಕು. ಓಡಾಡುವಾಗ ನೆಲದ ಮೇಲಿನ ಹುಲಿಚರ್ಮದ ತಲೆಗೆ ಎಡವುತ್ತಾನೆ. ಮತ್ತೆ ಎಡವುತ್ತಾನೆ. ನಡುವೆ ಒಮ್ಮೆ ಎಡವದೆ ದಾಟಿಬಿಟ್ಟು, ತಾನೇ ಬೆರಗಾಗಿ ಹಿಂದಿರುಗಿ ನೋಡುತ್ತಾನೆ. ನೋಡುಗರಿಗೆ ನಗು ತಡೆಯಲಾಗದ್ದು ಅಲ್ಲೇ. ಎಡವುವುದನ್ನು ಅಭ್ಯಾಸ ಮಾಡಿಸಿ, ಆ ಅಭ್ಯಾಸವನ್ನೇ ಮುರಿಯುವ ಈ ಜಾಣತನ ನನಗಂತೂ ಬಲು ಇಷ್ಟ. ಹತ್ತನೇ ಸಲ ನೋಡುವವರು ಎಡವುವುದಕ್ಕೂ ಕಾಯುತ್ತಾರೆ, ಎಡವದಿರುವುದಕ್ಕೂ ಕಾಯುತ್ತಾರೆ.

ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ನಗುವಿಗೆ ಕೊಟ್ಟ ಕಾರಣ ಗೊತ್ತೇ? ಬಿಗಿಯಾಗಿ ಏರಿದ ನಿರೀಕ್ಷೆ ಥಟ್ಟನೆ ಏನೂ ಇಲ್ಲವಾಗಿ ಕರಗುವುದು. ಅಷ್ಟೇ ನಿಜವಾಗಿದ್ದರೆ ನೋಡಿದ್ದನ್ನೇ ಮತ್ತೆ ನೋಡಿ ಯಾರೂ ನಗುತ್ತಿರಲಿಲ್ಲ. ಕಾಂಟ್ ಹೇಳಿದ್ದು ಮೊದಲ ನಗುವಿನ ಮಾತು. ಎರಡನೆಯದರ ಲೆಕ್ಕವೇ ಬೇರೆ.

ವುಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಕಂಡದ್ದು ಇದಕ್ಕೊಂದು ಸುಳಿವು. ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಸೂಚನೆ ರೂಢಿಯಾದ ಮೇಲೆ ಆ ಚುರುಕು ಸೂಚನೆಗೇ ಜರುಗಿತು. ಜೇಮ್ಸ್ ಹುಲಿಯತ್ತ ಹೆಜ್ಜೆ ಇಟ್ಟಾಗಲೇ ತುಟಿ ಅರಳುವುದಿಲ್ಲವೇ!

ಮುಕ್ತಾಯ ಮೊದಲೇ ತಿಳಿದರೆ ಕಥೆ ಕೆಡುತ್ತದೆಯೇ? ಕ್ಯಾಲಿಫೋರ್ನಿಯಾದ ಸಂಶೋಧಕರು 2011ರಲ್ಲಿ 12 ಸಣ್ಣಕಥೆಗಳನ್ನು ಓದಿಸಿ ನೋಡಿದರು. ಕೊನೆ ಗೊತ್ತಿದ್ದವರೇ ಒಟ್ಟಾರೆ ಹೆಚ್ಚು ಮೆಚ್ಚಿದ್ದರು.

2019ರಲ್ಲಿ ಷಿಕಾಗೊದ ಸಂಶೋಧಕ ಎಡ್ ಓಬ್ರಿಯನ್ ತೋರಿಸಿದ್ದು ಇನ್ನೂ ನೇರ: ನೋಡಿದ್ದನ್ನೇ ಮತ್ತೆ ನೋಡಿದರೆ ಬೇಜಾರಾಗುತ್ತದೆಂದು ನಾವು ಅಂದಾಜಿಸುವುದೇ ಹೆಚ್ಚು, ನಿಜಕ್ಕೂ ಆಗುವುದು ಕಡಿಮೆ. ಮೊದಲ ಸಲ ಕಣ್ತಪ್ಪಿದ್ದೆಲ್ಲ ಆಗ ಕಾಣುತ್ತದೆ. ‘ಅಯ್ಯೋ, ಹಳೇದು’ ಎಂದು ಚಾನೆಲ್ ಬದಲಿಸುವವರು ಕಳೆದುಕೊಳ್ಳುವುದು ಇದನ್ನೇ.

ಮರುಪ್ರಸಾರಕ್ಕೆ ದಾರಿ ಮಾಡಿದ ಧಾರಾವಾಹಿ? 1951ರ ‘ಐ ಲವ್ ಲೂಸಿ’. ಮೂರು ಕ್ಯಾಮೆರಾ ಇಟ್ಟು 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದರಿಂದ ಕಂತುಗಳು ಸೊಗಸಾಗಿ ಉಳಿದವು.

ಹಾಸ್ಯ ಧಾರಾವಾಹಿಗಳಲ್ಲಿ ಕೇಳಿಬರುವ ಹಿನ್ನೆಲೆಯ ನಗೆಯೂ ತಮಾಷೆಯನ್ನು ಹೆಚ್ಚಿಸುತ್ತದೆ. 2019ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಸಪ್ಪೆ ಜೋಕುಗಳಿಗೆ ನಗು ಸೇರಿಸಿದಾಗ ಕೇಳಿದವರಿಗೆ ಅವೇ ಹೆಚ್ಚು ತಮಾಷೆಯೆನಿಸಿದವು. ಅಪ್ಪಟ ನಗು ಬಲವಂತದ ನಗುವಿಗಿಂತ ಹೆಚ್ಚು ಕೆಲಸ ಮಾಡಿತು. ಅಮೆರಿಕದ ‘ಮ್ಯಾಶ್’ ಧಾರಾವಾಹಿಯನ್ನು ಬಿಬಿಸಿ ಹಿನ್ನೆಲೆಯ ನಗೆಯಿಲ್ಲದೆಯೇ ಪ್ರಸಾರ ಮಾಡಿತು. ಅದರ ಡಿವಿಡಿಯಲ್ಲಿ ನಗೆ ಬೇಕೋ ಬೇಡವೋ ಎಂಬ ಆಯ್ಕೆಯಿದೆ. ಕೈಗೆ ಸಿಕ್ಕರೆ ಒಂದೇ ಕಂತನ್ನು ಎರಡೂ ಬಗೆಯಲ್ಲಿ ನೋಡಿ, ಎಲ್ಲೆಲ್ಲಿ ನಕ್ಕಿರೆಂದು ಹೋಲಿಸಿ.