ಬೆಟ್ಟವನ್ನು ಕಾಣುವ ಕಣ್ಣು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡವಿಯೆಂಬುದು ಎಲ್ಲರಿಗೂ ಒಂದೇ ವಸ್ತುವಲ್ಲ. ಅರಣ್ಯ ಖಾತೆಯ ದಪ್ತರದಲ್ಲಿ ಅದು ಇಷ್ಟು ಘನ ಅಡಿ ನಾಟಾ. ತೋಟಿಗನ ಮನೆಯಲ್ಲಿ ಅದು ಸೊಪ್ಪು, ದರಕು ಮತ್ತು ಬೇಸಿಗೆಯಲ್ಲಿಯೂ ಬತ್ತದ ಅಬ್ಬಿಯ ನೀರು. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವೆಂಬ ಸವಲತ್ತು ಆಂಗ್ಲ ಸರಕಾರದ ಕಾಲದಿಂದಲೇ ಬಂದದ್ದು. ಮನುಷ್ಯನು ಯಾವದಕ್ಕೆ ಬೆಲೆ ಕೊಡುವನೋ ಅದರ ನಾಶವನ್ನೇ ಅಪಾಯವೆಂದು ಬಗೆಯುತ್ತಾನೆ.

1983ನೆಯ ಇಸವಿಯ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು, ಕೊಡಲಿಗೆ ಅಡ್ಡಲಾಗಿ ನಿಂತು ಮರಗಳನ್ನು ಅಪ್ಪಿಕೊಂಡರು. ಸಹಜವಾದ ಕಾಡು ಹೋಗಿ ಸಾಗುವಾನಿಯ ನೆಡುತೋಪು ಬಂದಲ್ಲಿ ಸೊಪ್ಪೂ ಒರತೆಯೂ ಕಡಿಮೆಯಾಗುವದನ್ನು ಅವರು ತಮ್ಮ ಮನೆಯ ಜಮಾಖರ್ಚಿನಲ್ಲಿಯೇ ಓದಿದ್ದರು. ಕಾನುಗಳನ್ನಂತೂ ಹಿರಿಯರು ಚೌಡಿ, ಭೂತಗಳ ನೆಲೆಯೆಂದು ಭಾವಿಸಿ ಕಡಿಯಲಂಜುತ್ತಿದ್ದರು. ವಿದ್ಯಾವಂತರು ಇದನ್ನು ಮೂಢನಂಬಿಗೆಯೆಂದು ನಗುವದುಂಟು. ನಕ್ಕವರು ಎಷ್ಟು ಒರತೆಗಳನ್ನು ಉಳಿಸಿದ್ದಾರೆಂದು ಕೇಳಬೇಕು. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲಿ ಅದುವರೆಗೆ ಶಾಸ್ತ್ರಕ್ಕೆ ತಿಳಿಯದಿದ್ದ ಗೇರಿನ ಕುಲದ ಮರವೊಂದನ್ನು 2000ದಲ್ಲಿ ಸಸ್ಯಶಾಸ್ತ್ರಜ್ಞರು ವರ್ಣಿಸಿ, ಆ ಕಾನಿನ ಹೆಸರನ್ನೇ ಅದಕ್ಕಿಟ್ಟರು.

ಆದರೆ ಇದೇ ಕಣ್ಣಿಗೆ ಕಾಣದ ಅಪಾಯಗಳೂ ಉಂಟು. ಅಡಿಕೆಯ ಧಾರಣೆ ಏರಿದಂತೆ ಗದ್ದೆಗಳೂ ಇಳಿಜಾರುಗಳೂ ತೋಟಗಳಾಗುತ್ತಿವೆ. ಯಂತ್ರದಿಂದ ಧರೆ ಕಡಿದು ದಾರಿ ಮಾಡುವದು, ಅಂಗಳ ಬೆಳೆಸುವದು ನಡೆದೇ ಇದೆ. ಇದನ್ನು ಕಂಡು ಬೆದರುವವರು ವಿರಳ. ತೋಟವೆಂದರೆ ಮನೆತನದ ಮರ್ಯಾದೆಯಲ್ಲವೇ! ಖಾತೆಯವರು ಕಡಿದರೆ ಅನಾಹುತ, ನಾವು ಕಡಿದರೆ ಅಭಿವೃದ್ಧಿ. ಮಳೆಯನ್ನಾದರೂ ನಾವು ಕೊಳೆರೋಗದಿಂದ ಅಳೆಯುತ್ತೇವೆ. ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಹೊಳವು ಸಿಕ್ಕೀತೇ ಎಂಬುದೇ ಆಷಾಢದ ಚಿಂತೆ. ಅದೇ ನೀರು ಗುಡ್ಡದ ಒಡಲಲ್ಲಿ ತುಂಬುತ್ತಿರುವದು ನಮ್ಮ ಲೆಕ್ಕಕ್ಕೆ ಬರುವದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ವಿಪರೀತ ಮಳೆಗೆ ಗುಡ್ಡ ಕುಸಿದು, ತಲೆಮಾರುಗಳ ತೋಟಗಳು ಮಣ್ಣಿನಡಿ ಸೇರಿದವು.

ಅಪಾಯದ ನಕಾಶೆ ಬರೆಯುವ ಅಧಿಕಾರಿಗಳು ತೋಟದ ಒಡೆಯರ ಜಗಲಿಯಲ್ಲಿ ಕುಳಿತು ಎದ್ದುಹೋದರೆ ಸಾಲದು. ಸೊಪ್ಪು ಕೊಯ್ಯುವ, ದರಕು ಗುಡಿಸುವ ಹೆಂಗಸರನ್ನೂ ಸಿದ್ದಿ, ಕುಣಬಿ ಕೂಲಿಕಾರರನ್ನೂ ಮಾತನಾಡಿಸಲಿ. ಬೆಟ್ಟದಲ್ಲಿ ಬಿರುಕು ಬಿಟ್ಟದ್ದು, ಅಬ್ಬಿಯ ನೀರು ಕೆಂಪಾದದ್ದು ಒಡೆಯರಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಪಂಚಾಯತಿಗಳು ಧರೆ ಕಡಿದ ಸ್ಥಳಗಳ ಯಾದಿಯನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಸಿದ್ಧಪಡಿಸಲಿ. ಆ ಯಾದಿಯಲ್ಲಿ ಪ್ರತಿಷ್ಠಿತರ ಹೆಸರು ಬಂದರೂ ಅಳಿಸದಿರಲಿ.