ಗುಳಿಗೆಯಲ್ಲಿ ಹಣ್ಣಿನ ಕೈವಾಡ

ಗ್ರಂಥಾಲಯದಲ್ಲಿ ಬೇರೇನನ್ನೋ ಅರಸುತ್ತಿದ್ದವನಿಗೆ 1991ರ ‘ಲ್ಯಾನ್ಸೆಟ್’ ಸಂಪುಟದೊಳಗಿನ ಎರಡೇ ಪುಟಗಳ ಲೇಖನವೊಂದು ಕಣ್ಣಿಗೆ ಬಿದ್ದಿತು. ಅದನ್ನೋದಿದ ಮೇಲೆ, ಹಣ್ಣಿನ ರಸ ಹೀರಿ ಅದರೊಡನೆಯೇ ರಕ್ತದೊತ್ತಡದ ಮಾತ್ರೆ ನುಂಗುವ ಮಿತ್ರರನ್ನು ಕಂಡಾಗಲೆಲ್ಲ ನನ್ನ ನಾಲಗೆ ಸುಮ್ಮನಿರಲೊಲ್ಲದು.

ಕೆನಡದ ಆಂಟೇರಿಯೊ ಪ್ರಾಂತ್ಯದ ಲಂಡನ್ ನಗರದಲ್ಲಿ ಡೇವಿಡ್ ಬೈಲಿ ಎಂಬ ಔಷಧವಿಜ್ಞಾನಿ, ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮದ್ದಿನ ಮೇಲೆ ಮದ್ಯದ ಪ್ರಭಾವವೇನೆಂದು ಪರೀಕ್ಷಿಸಹೊರಟಿದ್ದರು. ಕುಡಿದದ್ದರಲ್ಲಿ ಮದ್ಯವುಂಟೋ ಇಲ್ಲವೋ ಎಂಬುದು ಪರೀಕ್ಷೆಗೊಳಗಾದವರಿಗೆ ತಿಳಿಯಕೂಡದಾದ್ದರಿಂದ, ಅದರ ರುಚಿಯನ್ನಡಗಿಸುವ ರಸವೊಂದು ಬೇಕಾಯಿತು. ಒಂದು ಶನಿವಾರ ರಾತ್ರಿ ಬೈಲಿ ದಂಪತಿಗಳು ಮನೆಯ ಫ್ರಿಜ್ಜಿನಲ್ಲಿದ್ದ ರಸಗಳನ್ನೆಲ್ಲ ಮದ್ಯಕ್ಕೆ ಬೆರೆಸಿ ನೋಡಿ, ಗ್ರೇಪ್‌ಫ್ರೂಟ್ ರಸವೇ ಲೇಸೆಂದು ನಿಶ್ಚಯಿಸಿದರಂತೆ. ಫಲ ವಿಚಿತ್ರವಾಯಿತು: ಮದ್ಯ ಬೆರೆತಿರಲಿ, ಇಲ್ಲದಿರಲಿ, ರಕ್ತದಲ್ಲಿ ಮದ್ದಿನ ಪ್ರಮಾಣ ನಿರೀಕ್ಷೆಯನ್ನು ಮೀರಿತ್ತು. ಮುಂದೆ ಆರು ಮಂದಿಯ ಪರೀಕ್ಷೆಯಲ್ಲಿ, ನೀರಿನೊಡನೆ ಸೇವಿಸಿದಾಗಿನ ಪ್ರಮಾಣವನ್ನು 100 ಎಂದಿಟ್ಟುಕೊಂಡರೆ ಈ ರಸದೊಡನೆ ಸರಾಸರಿ 284, ಒಬ್ಬರಲ್ಲಂತೂ 469 ಆಯಿತು. ಕಿತ್ತಳೆಯ ರಸ ನಿರ್ದೋಷಿಯೆನಿಸಿತು.

ಈ ಬೈಲಿಯವರೇ 1966ರಲ್ಲಿ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಪ್ರಥಮ ಕೆನಡಿಯನ್. ಪ್ರಕೃತಕ್ಕೆ ಇದು ಅನಾವಶ್ಯಕವೆನ್ನಿ. ಆದರೆ ಇತರರು ಅಳತೆಯ ದೋಷವೆಂದು ಬದಿಗೆ ಸರಿಸಬಹುದಾಗಿದ್ದ ಅಂಕಿಯೊಂದನ್ನು ಬೆನ್ನಟ್ಟಿ ಹಿಡಿದವರು ಓಟಗಾರರೆಂಬುದು ನನಗೇಕೋ ಬಹಳ ಹಿತವಾಗಿದೆ.

ಕಾರಣ ಇಷ್ಟೆ. ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಅನೇಕ ಔಷಧಗಳ ಬಹುಭಾಗವನ್ನು ಅವು ರಕ್ತವನ್ನು ಸೇರುವ ಮುನ್ನವೇ ವಿಘಟಿಸುತ್ತದೆ. ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡುವಾಗ ಆ ನಷ್ಟವೂ ಲೆಕ್ಕಕ್ಕೆ ಸೇರಿರುತ್ತದೆ. ಹಣ್ಣಿನೊಳಗಿನ ಫ್ಯುರಾನೊಕೌಮರಿನ್‌ಗಳು ಆ ಕಿಣ್ವವನ್ನೇ ಕೆಡಿಸಿಬಿಡುವುದರಿಂದ, ದೇಹ ಹೊಸದನ್ನು ನಿರ್ಮಿಸಿಕೊಳ್ಳುವವರೆಗೆ, ಎಂದರೆ ಒಂದು ದಿನಕ್ಕೂ ಮೀರಿ, ಪರಿಣಾಮ ಉಳಿಯುತ್ತದೆ. ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂಬ ಜಾಣತನ ಇಲ್ಲಿ ನಡೆಯದು. ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್‌ನದು ತದ್ವಿರುದ್ಧ ಕಥೆ: ಅದು ಗ್ರೇಪ್‌ಫ್ರೂಟ್, ಕಿತ್ತಳೆ, ಸೇಬುಗಳ ರಸದೊಡನೆ ರಕ್ತಕ್ಕೆ ಸೇರುವುದೇ ಕಡಿಮೆ.

ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪವೆಂದು ನಿಶ್ಚಿಂತರಾಗುವಂತಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಅದು ಹುಟ್ಟಿದ್ದೇ ಚಕ್ಕೋತ, ಕಿತ್ತಳೆಗಳ ಸಂಕರದಿಂದ. ದೇವನಹಳ್ಳಿಗೆ ಹೆಸರು ತಂದ ಚಕ್ಕೋತದ ಕುಲದಲ್ಲಿಯೂ ಆ ದ್ರವ್ಯಗಳುಂಟು. “ಹಣ್ಣು ತಾನೆ, ಏನಾದೀತು” ಎನ್ನುವವರ ಧೈರ್ಯ ನನಗಿಲ್ಲ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರು, ಮೂತ್ರಪಿಂಡದ ಕಸಿಯಾಗಿ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೊಲಿಮಸ್ ಸೇವಿಸುವವರು ಚಕ್ಕೋತದ ತೊಳೆ ಬಿಡಿಸುವ ಮುನ್ನ ವೈದ್ಯರನ್ನೊಮ್ಮೆ ಕೇಳಲಿ. ಹಣ್ಣಿನಾಸೆಗೆ ಮಾತ್ರೆಯನ್ನು ಮಾತ್ರ ತಾವಾಗಿ ಬಿಡದಿರಲಿ.