ಹಸುರು ಬೆನ್ನಿನ ಕಾಗದಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 1861ರಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು, ಸೈನಿಕರ ಸಂಬಳಕ್ಕೂ ಯುದ್ಧಸಾಮಗ್ರಿಗೂ ಬೇಕಾದ ಬೆಳ್ಳಿಬಂಗಾರವು ಬೊಕ್ಕಸದಲ್ಲಿ ಸಾಲದೆ ಹೋದಾಗ, ನಿತ್ಯವ್ಯವಹಾರದ ನೋಟುಗಳನ್ನು ಅಲ್ಲಿಯವರೆಗೆ ರಾಜ್ಯಗಳ ಪರವಾನಗಿ ಪಡೆದ ಬ್ಯಾಂಕುಗಳಿಗೇ ಬಿಟ್ಟುಕೊಟ್ಟಿದ್ದ ಕೇಂದ್ರ ಸರ್ಕಾರವು 5, 10 ಮತ್ತು 20 ಡಾಲರುಗಳ ನೋಟುಗಳನ್ನು ತಾನೇ ಹೊರಡಿಸಿತು. ಛಾಯಾಚಿತ್ರದ ನೆರವಿನಿಂದ ಖೋಟಾ ನೋಟು ತಯಾರಿಸುವವರನ್ನು ತಡೆಯಲೆಂದು ಹಿಂಬದಿಗೆ ಹಸುರು ಮಸಿಯನ್ನು ಬಳಸಿದ್ದರಿಂದ ಜನರು ಅವಕ್ಕೆ ‘ಗ್ರೀನ್‌ಬ್ಯಾಕ್’ ಎಂದು ಹೆಸರಿಟ್ಟರು. ಯುದ್ಧಭೀತಿಯಿಂದ ನಾಣ್ಯಗಳೆಲ್ಲ ಮನೆಗಳಲ್ಲಿ ಅಡಗಿಹೋದಾಗ ಚಿಲ್ಲರೆಗಾಗಿ 3 ಸೆಂಟಿನಿಂದ 50 ಸೆಂಟಿನವರೆಗಿನ ಪುಟ್ಟ ನೋಟುಗಳೂ ಬಂದವು. ಅವುಗಳಲ್ಲೊಂದರ ಮೇಲೆ ಸ್ಪೆನ್ಸರ್ ಕ್ಲಾರ್ಕ್ ಎಂಬ ಅಧಿಕಾರಿಯು ತನ್ನ ಭಾವಚಿತ್ರವನ್ನೇ ಮುದ್ರಿಸಿದ ಪ್ರಕರಣದ ಬೆನ್ನಿಗೆ, ಬದುಕಿರುವವರ ಚಿತ್ರವು ನೋಟಿನ ಮೇಲೆ ಕೂಡದೆಂದು 1866ರಲ್ಲಿ ಶಾಸನವೇ ಆಯಿತು.

ಆದರೆ ಸಂಗ್ರಾಹಕನ ಹೃದಯಕ್ಕೆ ಅತ್ಯಂತ ಸಮೀಪವಾದವು, ನನ್ನ ಅಭಿಪ್ರಾಯದಲ್ಲಿ, 1863ರ ಶಾಸನದಿಂದ ಹುಟ್ಟಿ 1935ರವರೆಗೆ ಹೊರಬರುತ್ತಿದ್ದ ರಾಷ್ಟ್ರೀಯ ಬ್ಯಾಂಕುಗಳ ನೋಟುಗಳು. ಸರ್ಕಾರದ ಸಾಲಪತ್ರಗಳನ್ನು ಖಜಾನೆಯಲ್ಲಿ ಆಧಾರವಾಗಿರಿಸಿದ ಬ್ಯಾಂಕಿಗೆ, ಅದರ ಹೆಸರನ್ನೂ ಅದಿರುವ ಊರಿನ ಹೆಸರನ್ನೂ ಹೊತ್ತ ನೋಟುಗಳು ಕತ್ತರಿಸದ ಹಾಳೆಗಳಾಗಿ ಬರುತ್ತಿದ್ದವು. ಚಿಕ್ಕ ಊರಿನ ಬ್ಯಾಂಕಿನ ಅಧ್ಯಕ್ಷನೂ ಖಜಾಂಚಿಯೂ ಲೇಖನಿಯಿಂದ ಸಹಿ ಹಾಕಿ, ಹಾಳೆಯನ್ನು ಕತ್ತರಿಯಿಂದ ಬಿಡಿಸಿ ಗಿರಾಕಿಗೆ ಕೊಡುತ್ತಿದ್ದರು. ಕಾಲಕ್ರಮದಲ್ಲಿ ಕಂದಿದ ಆ ಸಹಿಯ ಮಸಿಯೂ, ಒಂದೆಡೆ ಅಗಲವಾಗಿ ಇನ್ನೊಂದೆಡೆ ಕಿರಿದಾಗಿರುವ ಅಂಚೂ ಯಂತ್ರದ ನಡುವೆ ಉಳಿದುಕೊಂಡ ಮನುಷ್ಯನ ಕೈಗುರುತುಗಳು. ಹನ್ನೆರಡು ಸಾವಿರಕ್ಕೂ ಮಿಗಿಲಾದ ಬ್ಯಾಂಕುಗಳು ಇಂಥ ನೋಟುಗಳನ್ನು ಹೊರಡಿಸಿದುವಾಗಿ, ತಮ್ಮ ಹುಟ್ಟೂರಿನ ಒಂದು ನೋಟಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ.

ಸೌಂದರ್ಯದಲ್ಲಿ ಮಾತ್ರ 1896ರ ‘ಶಿಕ್ಷಣ ಮಾಲೆ’ಯ ನೋಟುಗಳಿಗೆ ಸಾಟಿಯಿಲ್ಲ. ವಿಲ್ ಲೋ ಎಂಬ ಚಿತ್ರಕಾರನು ರೂಪಿಸಿದ ಒಂದು ಡಾಲರಿನ ನೋಟಿನಲ್ಲಿ, ಇತಿಹಾಸವೆಂಬ ಸ್ತ್ರೀಯು ಕುಳಿತು, ಬಳಿಯಲ್ಲಿರುವ ಬಾಲಕನಿಗೆ ರಾಜ್ಯಾಂಗದ ತೆರೆದ ಪುಟವಿರುವ ಕಡೆಗೆ ಕೈತೋರುತ್ತಾಳೆ; ಹಿನ್ನೆಲೆಯಲ್ಲಿ ವಾಷಿಂಗ್ಟನ್ ನಗರ, ಅಂಚಿನ ಸುತ್ತ ಮಹನೀಯರ ಹೆಸರುಗಳುಳ್ಳ ಮಾಲೆಗಳು. ಐದು ಡಾಲರಿನ ನೋಟಿನಲ್ಲಿ ವಿದ್ಯುಚ್ಛಕ್ತಿಯೇ ದೇವತೆಯಾಗಿ ದೀಪವನ್ನೆತ್ತಿ ಹಿಡಿದಿದೆ. ಈ ಮಾಲೆಯು ಬಹುಕಾಲ ನಡೆಯಲಿಲ್ಲ. 1899ರ ಸರಳವಾದ ಮಾಲೆ ಅದರ ಸ್ಥಾನಕ್ಕೆ ಬಂದಿತು. ಸುಮಾರು ಏಳೂವರೆ ಅಂಗುಲದ ಆ ದೊಡ್ಡ ನೋಟುಗಳ ಕಾಲವೇ 1929ರಲ್ಲಿ ಮುಗಿದು, ಆರು ಅಂಗುಲಕ್ಕೆ ಸ್ವಲ್ಪ ಮೀರಿದ ಇಂದಿನ ಅಳತೆಯು ರೂಢಿಗೆ ಬಂದಿತು.

ಬೆಲೆಯನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ. ಉಳಿದಿರುವ ಪ್ರತಿಗಳೆಷ್ಟು, ಕಾಗದವು ಹೇಗಿದೆ ಎಂಬುದೇ ಮುಖ್ಯ. ಕೊರೆದ ತಗಡಿನಿಂದ ಬಲವಾಗಿ ಒತ್ತಿ ಅಚ್ಚಾದ ನೋಟಿನ ಮೇಲೆ ಬೆರಳಾಡಿಸಿದರೆ ಮಸಿಯ ಗೆರೆಗಳು ಉಬ್ಬಿರುವುದು ತಿಳಿಯುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಎಂದೋ ಮಡಿಸಿದ ಗೀರು ಕಾಣುತ್ತದೆ. ಚೊಕ್ಕಟವಾಗಲೆಂದು ತೊಳೆದು ಇಸ್ತ್ರಿ ಹಾಕಿದವರು ಆ ಉಬ್ಬನ್ನು ಚಪ್ಪಟೆಯಾಗಿಸಿ ನೋಟನ್ನು ಕೆಡಿಸಿದಂತೆಯೇ ಸರಿ, ಅನುಭವವುಳ್ಳ ಪರೀಕ್ಷಕರು ಅದನ್ನು ಒಡನೆ ಗುರುತಿಸುತ್ತಾರೆ. ಆದುದರಿಂದ ಯಾರ ಹಳೆಯ ಪುಸ್ತಕದಿಂದಲಾದರೂ ಇಂಥದೊಂದು ನೋಟು ನಿಮ್ಮ ಕೈಗೆ ಜಾರಿದರೆ, ದಯವಿಟ್ಟು ತೊಳೆಯಬೇಡಿ, ಅಂಟಿಸಬೇಡಿ. ಒಣಗಿದ ಕೈಗಳಿಂದ ಅಂಚನ್ನಷ್ಟೇ ಹಿಡಿದು, ಸಿಕ್ಕಿದ ಸ್ಥಿತಿಯಲ್ಲಿಯೇ ಶುಭ್ರವಾದ ಲಕೋಟೆಯಲ್ಲಿಟ್ಟು, ಬಲ್ಲವರಿಗೆ ತೋರಿಸಿ.